ಗೃಹಪ್ರವೇಶವಾದ ಮೇಲೆ

ಆಷಾಢ ಕಳೆದು ಶ್ರಾವಣ ಕಾಲಿಟ್ಟಿತೆಂದರೆ ನಮ್ಮ ನಾಡಿನ ಊರುಗಳಲ್ಲಿ ಹೊಸ ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆಯತೊಡಗುತ್ತವೆ. ಆಷಾಢದಲ್ಲಿ ಗೃಹಪ್ರವೇಶ ಮಾಡುವ ವಾಡಿಕೆಯಿಲ್ಲ. ಆದುದರಿಂದ ಮನೆ ಕಟ್ಟಿಸಿದವರು ಶ್ರಾವಣದ ಮೊದಲ ಮುಹೂರ್ತಕ್ಕಾಗಿ ಕಾದಿರುತ್ತಾರೆ. ಗೋಡೆಯ ಗಿಲಾವು ಇನ್ನೂ ಹಸಿಯಾಗಿರುತ್ತದೆ, ಬಣ್ಣದ ವಾಸನೆ ಇನ್ನೂ ಅಡಗಿರುವುದಿಲ್ಲ; ಆದರೂ ಬಾಗಿಲಿಗೆ ಮಾವಿನ ತೋರಣ ಏರಿಬಿಡುತ್ತದೆ. ಅಲ್ಲಿಂದ ಮುಂದೆ ವರಮಹಾಲಕ್ಷ್ಮಿ, ಗೌರಿ-ಗಣೇಶ, ನವರಾತ್ರಿಯ ಬೊಂಬೆ, ದೀಪಾವಳಿ ಎಂದು ಹಬ್ಬಗಳ ಸಾಲು. ಸಾಮಾನುಗಳನ್ನು ಇನ್ನೂ ಮೂಟೆಯಿಂದ ಬಿಚ್ಚಿರುವುದಿಲ್ಲ, ಹೊಸ ಮನೆಯನ್ನು ನೋಡಲು ನೆಂಟರಿಷ್ಟರು ಬಂದು ನಿಂತಿರುತ್ತಾರೆ.

ಮೊದಲ ದಿನವೇ ಒಲೆಯ ಮೇಲೆ ಹಾಲನ್ನಿಟ್ಟು ಉಕ್ಕಿಸುವುದು ಪದ್ಧತಿ. ಹಾಲಿಗೆ ಬದಲು ನೀರನ್ನಿಟ್ಟಿದ್ದರೆ ಅದು ಎಷ್ಟು ಕುದಿದರೂ ಹೀಗೆ ಉಕ್ಕಿ ಹೊರಚೆಲ್ಲುತ್ತಿರಲಿಲ್ಲ. ನೀರಿನಲ್ಲಿ ತಳದಿಂದ ಎದ್ದ ಆವಿಯ ಗುಳ್ಳೆ ಮೇಲೆ ಬಂದೊಡನೆ ಒಡೆದುಹೋಗುತ್ತದೆ. ಹಾಲಿನಲ್ಲಿ ಪ್ರೋಟೀನು ಮತ್ತು ಕೊಬ್ಬು ಸೇರಿ ಮೇಲ್ಮೈಯಲ್ಲಿ ಕೆನೆಯ ಪದರವೊಂದನ್ನು ಹೆಣೆಯುತ್ತವೆ. ಗುಳ್ಳೆಗಳ ಗೋಡೆಯನ್ನೂ ಪ್ರೋಟೀನು ಗಟ್ಟಿಗೊಳಿಸುತ್ತದೆ. ಒಡೆಯಲಾರದ ಗುಳ್ಳೆಗಳು ಒಂದರ ಮೇಲೊಂದು ರಾಶಿಯಾಗಿ ಕೆನೆಯನ್ನು ಎತ್ತಿಕೊಂಡು ಪಾತ್ರೆಯ ಅಂಚನ್ನು ದಾಟುತ್ತವೆ. ಹೀಗೆ ಹೊಸ ಮನೆಯ ಮೊದಲ ಕ್ರಿಯೆಯೇ ಒಂದು ಪ್ರಯೋಗ. ಅಲ್ಲಿಂದ ದೀಪಾವಳಿಯವರೆಗೆ ಆ ಮನೆಯಲ್ಲಿ ಇನ್ನೆಷ್ಟು ಪ್ರಯೋಗಗಳು ನಡೆಯುತ್ತವೆ ಎಂಬುದನ್ನು ನಾವು ಒಂದೊಂದಾಗಿ ನೋಡೋಣ. ಅವುಗಳಲ್ಲಿ ಒಂದು ಮಾತ್ರ ಪ್ರಾಣಕ್ಕೆ ಸಂಬಂಧಿಸಿದುದು. ಅದನ್ನು ಕಡೆಗೆ ಇಟ್ಟುಕೊಳ್ಳೋಣ.

ಗೋಡೆಯೊಳಗಿನ ನೀರು

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ಅನೇಕರು ಭಾವಿಸಿದ್ದಾರೆ. ನಿಜವಾಗಿ ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರನ್ನು ಕುಡಿದು. ಸಿಮೆಂಟಿನ ಕಣಗಳು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಹೊಸ ಹರಳುಗಳನ್ನೂ ಅಂಟನ್ನೂ ಕೊಡುತ್ತವೆ. ಗಾರೆ ಕೆಲಸದವರು ಗೋಡೆಗೆ ಬೆಳಗು ಸಂಜೆ ನೀರುಣಿಸುವುದು ಇದಕ್ಕಾಗಿಯೇ.

ಆದರೆ ಕಲಸುವಾಗ ಹಾಕುವ ನೀರೆಲ್ಲ ಹೀಗೆ ಕೂಡಿಕೊಳ್ಳುವುದಿಲ್ಲ. ೫೦ ಕಿಲೋಗ್ರಾಮಿನ ಒಂದು ಮೂಟೆ ಸಿಮೆಂಟಿಗೆ ಸುಮಾರು ೨೫ ಲೀಟರು ನೀರು ಹಾಕಿದರೆ, ರಾಸಾಯನಿಕ ಕ್ರಿಯೆಗೆ ಬೇಕಾಗುವುದು ಅದರ ಅರ್ಧದಷ್ಟು ಮಾತ್ರ. ಉಳಿದುದರಲ್ಲಿ ಒಂದು ಪಾಲು ಅತಿಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ಪಾಲು ಆವಿಯಾಗಿ ಹೊರಗೆ ಹೋಗಲೇಬೇಕು. ಸಾವಿರ ಚದರಡಿಯ ಮನೆಗೆ ಸ್ಥೂಲವಾಗಿ ೪೦೦ ಮೂಟೆ ಸಿಮೆಂಟು ಹಿಡಿಯುತ್ತದೆ. ಮೂಟೆಗೆ ಬರಿಯ ೫ ಲೀಟರು ಹೊರಬೀಳಬೇಕೆಂದು ಲೆಕ್ಕ ಹಿಡಿದರೂ ಒಟ್ಟು ೨,೦೦೦ ಲೀಟರು ನೀರಾಯಿತು. ಇಟ್ಟಿಗೆ ಹೀರಿಕೊಂಡ ನೀರು ಇದಕ್ಕೆ ಹೊರತು.

ಈ ನೀರನ್ನು ಒಯ್ಯಬೇಕಾದುದು ಗಾಳಿ. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು ೨೩ ಗ್ರಾಮು ನೀರಾವಿಯನ್ನು ಹೊರಬಲ್ಲದು. ಶ್ರಾವಣದ ಒಂದು ದಿನ ಸಾಪೇಕ್ಷ ಆರ್ದ್ರತೆ ಶೇಕಡ ೮೦ ಇದ್ದರೆ ಅದರಲ್ಲಿ ೧೮ ಗ್ರಾಮಿಗೂ ಹೆಚ್ಚು ಆವಿ ಆಗಲೇ ತುಂಬಿರುತ್ತದೆ. ಇನ್ನು ಹಿಡಿಯುವುದು ನಾಲ್ಕೂವರೆ ಗ್ರಾಮು ಮಾತ್ರ. ೬ ಮೀಟರು ಉದ್ದ, ೪ ಮೀಟರು ಅಗಲ, ೩ ಮೀಟರು ಎತ್ತರದ ನಡುಮನೆಯೊಂದನ್ನು ಊಹಿಸಿಕೊಳ್ಳಿ. ಅದರ ಗಾತ್ರ ೭೨ ಘನ ಮೀಟರು. ಗೋಡೆಯಿಂದ ಒಂದೇ ಒಂದು ಲೀಟರು ನೀರನ್ನು ಹೊರಗೆ ಸಾಗಿಸಬೇಕಾದರೆ ಆ ನಡುಮನೆಯ ಗಾಳಿ ಪೂರ್ತಿಯಾಗಿ ಮೂರು ಸಲ ಬದಲಾಗಬೇಕು. ಅದೇ ಬೇಸಗೆಯಲ್ಲಿ, ೩೦ ಡಿಗ್ರಿ ಉಷ್ಣತೆಯೂ ಶೇಕಡ ೩೦ ಆರ್ದ್ರತೆಯೂ ಇರುವ ದಿನ, ಒಂದು ಸಲ ಬದಲಾದರೆ ಸಾಕು, ಅದೂ ಹೆಚ್ಚೇ.

ಮಳೆಗಾಲದಲ್ಲಿ ಹೊಕ್ಕ ಮನೆಯ ಗೋಡೆ ತಿಂಗಳುಗಟ್ಟಲೆ ತಣ್ಣಗಿರುವುದೇಕೆಂದು ಈಗ ತಿಳಿಯಿತಷ್ಟೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಅದರ ಹಿಂದೆ ಗಾಳಿಯಾಡದೆ ಬೂಷ್ಟು ಬೆಳೆಯುತ್ತದೆ. ನಾಲ್ಕು ಬೆರಳು ಬಿಟ್ಟು ನಿಲ್ಲಿಸುವುದು ಜಾಣತನ. ಹಬ್ಬ ಹತ್ತಿರ ಬಂತೆಂದು ಗೋಡೆಯನ್ನು ಬೇಗ ಒಣಗಿಸಲು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆ ಇಡುವುದು ಮಾತ್ರ ಸರ್ವಥಾ ಕೂಡದು. ಕಾರಣವನ್ನು ಮುಂದೆ ಹೇಳುತ್ತೇವೆ.

ಬರಿಯ ಕೋಣೆಯ ಗುಂಗು

ಸಾಮಾನು ಸೇರದ ಕೋಣೆಯಲ್ಲಿ ನಿಂತು ಯಾರಾದರೂ ಮಾತನಾಡಿದರೆ ಮಾತು ಗುಂಯ್‌ಗುಟ್ಟುತ್ತದೆ. ಗಟ್ಟಿಯಾದ ನಯವಾದ ಗೋಡೆ ಶಬ್ದದ ಶಕ್ತಿಯಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ಹೀರಿ ಉಳಿದುದನ್ನು ಹಿಂದಕ್ಕೆ ಕಳುಹಿಸುತ್ತದೆ. ಒಂದು ಅಕ್ಷರದ ಧ್ವನಿ ಅಡಗುವ ಮೊದಲೇ ಮುಂದಿನ ಅಕ್ಷರ ಅದರ ಮೇಲೆ ಬಂದು ಬೀಳುತ್ತದೆ. ಇದಕ್ಕೆ ಅನುರಣನವೆಂದು ಹೆಸರು.

೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾಶಾಲೆಯ ಉಪನ್ಯಾಸ ಮಂದಿರದಲ್ಲಿ ಇದೇ ತೊಂದರೆ ಎದುರಾಯಿತು. ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಉಳಿಯುತ್ತಿತ್ತು. ವ್ಯಾಲೆಸ್ ಸ್ಯಾಬಿನ್ ಎಂಬ ತರುಣ ಭೌತವಿಜ್ಞಾನಿಗೆ ಇದನ್ನು ಸರಿಪಡಿಸುವ ಕೆಲಸ ಬಿತ್ತು. ಆತ ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊರಿಸಿ ತರುತ್ತಿದ್ದ. ಆರ್ಗನ್ ವಾದ್ಯದ ಒಂದು ಕೊಳವೆಯನ್ನು ಊದಿಸಿ, ಧ್ವನಿ ಅಡಗುವ ಕಾಲವನ್ನು ಅಳೆಯುತ್ತಿದ್ದ. ಬೆಳಗಾಗುವ ಮೊದಲು ಮೆತ್ತೆಗಳನ್ನು ಹಿಂದಿರುಗಿಸುತ್ತಿದ್ದ. ಈ ದುಡಿಮೆಯಿಂದ ಸರಳವಾದ ಸೂತ್ರವೊಂದು ದೊರೆಯಿತು: ಕೋಣೆಯ ಗಾತ್ರವನ್ನು ಘನ ಮೀಟರುಗಳಲ್ಲಿ ಹಿಡಿದು ೦.೧೬೧ರಿಂದ ಗುಣಿಸಿ, ಬಂದುದನ್ನು ಒಟ್ಟು ಶೋಷಣೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ. ೧೯೦೦ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಮಂದಿರವನ್ನು ಈ ಸೂತ್ರದ ನೆರವಿನಿಂದಲೇ ರೂಪಿಸಲಾಯಿತು.

ನಮ್ಮ ನಡುಮನೆಗೆ ಅದನ್ನು ಅನ್ವಯಿಸೋಣ. ನೆಲ, ಮಾಳಿಗೆ, ಗೋಡೆಗಳು ಸೇರಿ ೧೦೮ ಚದರ ಮೀಟರು. ನೂರಕ್ಕೆ ಮೂರರಂತೆ ಶೋಷಣೆ ೩.೨೪ ಚದರ ಮೀಟರು. ಅನುರಣನದ ಕಾಲ ಸುಮಾರು ಮೂರೂವರೆ ಸೆಕೆಂಡು. ಈಗ ಹತ್ತು ಮಂದಿ ನೆಂಟರು ಒಳಗೆ ಬಂದರೆನ್ನಿ. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ಶಬ್ದವನ್ನು ಹೀರುತ್ತಾನೆ. ಶೋಷಣೆ ೮.೨೪ಕ್ಕೆ ಏರಿ, ಕಾಲ ೧.೪ ಸೆಕೆಂಡಿಗೆ ಇಳಿಯುತ್ತದೆ. ‘ನಾಲ್ಕು ಜನ ಬಂದು ಹೋದರೆ ಮನೆ ತುಂಬಿದಂತಾಯಿತು’ ಎಂದು ಹಿರಿಯರು ಹೇಳುವ ಮಾತಿನಲ್ಲಿ ಇಷ್ಟು ಭೌತವಿಜ್ಞಾನವೂ ಅಡಗಿದೆ.

ನೆಂಟರ ಉಸಿರು

ನೆಂಟರು ಶಬ್ದವನ್ನು ಹೀರುವುದರ ಜೊತೆಗೆ ಉಷ್ಣವನ್ನೂ ಆವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತಾರೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಸುಮಾರು ೧೦೦ ವ್ಯಾಟ್ ಉಷ್ಣವನ್ನು ಹೊರಸೂಸುತ್ತಾನೆ. ಗಂಟೆಗೆ ಸುಮಾರು ೧೮ ಲೀಟರು ಇಂಗಾಲದ ಡೈಆಕ್ಸೈಡನ್ನು ಉಸಿರಿನೊಡನೆ ಬಿಡುತ್ತಾನೆ. ಬೊಂಬೆ ನೋಡಲು ಮೂವತ್ತು ಮಂದಿ ಬಂದು ಸೇರಿದರೆ ಮೂರು ಸಾವಿರ ವ್ಯಾಟಿನ ಒಲೆಯನ್ನು ನಡುಮನೆಯಲ್ಲಿ ಹೊತ್ತಿಸಿದಂತೆ.

ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಸಾವಿರದಲ್ಲಿ ಒಂದು ಭಾಗವನ್ನು ಮೀರಬಾರದೆಂದು ೧೮೫೮ರಲ್ಲಿಯೇ ಮ್ಯೂನಿಕ್ಕಿನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಸೂಚಿಸಿದ. ಅಷ್ಟು ಪ್ರಮಾಣದಲ್ಲಿ ಆ ಅನಿಲ ವಿಷವೆಂದಲ್ಲ. ಗಾಳಿ ಹಳಸಿದೆಯೆಂಬುದಕ್ಕೆ ಅದೊಂದು ಗುರುತು. ಹೊರಗಿನ ಗಾಳಿಯಲ್ಲಿ ಅದು ಈಗ ಹತ್ತು ಸಾವಿರದಲ್ಲಿ ನಾಲ್ಕು ಭಾಗಕ್ಕಿಂತ ತುಸು ಹೆಚ್ಚಾಗಿದೆ. ಕಿಟಕಿ ಬಾಗಿಲುಗಳನ್ನು ಮುಚ್ಚಿದ ನಮ್ಮ ನಡುಮನೆಯಲ್ಲಿ ಮೂವತ್ತು ಮಂದಿ ಕುಳಿತರೆ ಪೆಟೆನ್‌ಕೋಫರನ ಎಲ್ಲೆಯನ್ನು ಮುಟ್ಟಲು ಎಷ್ಟು ಹೊತ್ತು ಬೇಕು? ಐದು ನಿಮಿಷ ಸಾಕು. ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು. ಎದುರುಬದುರಾದ ಎರಡು ಕಿಟಕಿಗಳನ್ನು ತೆರೆದಿಡುವುದೇ ಇದಕ್ಕೆ ಪರಿಹಾರ. ಹಿಂದಿನವರ ತೊಟ್ಟಿ ಮನೆಗಳಲ್ಲಿ ಬಿಸಿಗಾಳಿ ನಡುವಣ ತೆರೆದ ಅಂಗಳದಿಂದ ತಾನಾಗಿ ಮೇಲೇರಿ ಹೋಗುತ್ತಿತ್ತು.

ಬಚ್ಚಲುಮನೆಯ ಅಪಾಯ

ಈಗ ನಾವು ಕಡೆಗೆ ಇಟ್ಟುಕೊಂಡ ವಿಷಯಕ್ಕೆ ಬರೋಣ. ನರಕ ಚತುರ್ದಶಿಯ ಬೆಳಗು; ಮನೆ ತುಂಬ ನೆಂಟರು; ಒಬ್ಬರಾದ ಮೇಲೊಬ್ಬರಿಗೆ ಎಣ್ಣೆಸ್ನಾನ. ಹೊಸ ಮನೆಯ ಬಚ್ಚಲುಮನೆ ಚಿಕ್ಕದು, ಕಿಟಕಿ ಚಳಿಗೆಂದು ಮುಚ್ಚಿದೆ, ಒಳಗೋಡೆಯ ಮೇಲೆ ಗ್ಯಾಸ್ ಗೀಸರ್ ತೂಗುತ್ತಿದೆ. ಕರ್ನಾಟಕದಲ್ಲಿಯೂ ಹೊರಗೂ ಇಂತಹ ಬಚ್ಚಲುಮನೆಗಳಲ್ಲಿ ಜನ ಪ್ರಾಣ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ಕಾರಣ ಲೆಕ್ಕದಲ್ಲಿಯೇ ಇದೆ. ನಿಮಿಷಕ್ಕೆ ೬ ಲೀಟರು ನೀರನ್ನು ೨೫ ಡಿಗ್ರಿಯಷ್ಟು ಕಾಯಿಸುವ ಗೀಸರು ನಿಮಿಷಕ್ಕೆ ಸುಮಾರು ೧೬ ಗ್ರಾಮು ಅನಿಲವನ್ನು ಸುಡುತ್ತದೆ. ಅದಕ್ಕೆ ಬೇಕಾದ ಗಾಳಿ ಸುಮಾರು ೨೦೦ ಲೀಟರು. ೨ ಮೀಟರು ಉದ್ದ, ಒಂದೂವರೆ ಮೀಟರು ಅಗಲ, ೨.೪ ಮೀಟರು ಎತ್ತರದ ಬಚ್ಚಲುಮನೆಯಲ್ಲಿರುವ ಗಾಳಿ ೭,೨೦೦ ಲೀಟರು. ಹೊರಗಿನ ಗಾಳಿ ಒಳಗೆ ಬಾರದಿದ್ದರೆ ಹತ್ತು ನಿಮಿಷ ಉರಿಯುವಷ್ಟರಲ್ಲಿ ಆಮ್ಲಜನಕ ಶೇಕಡ ೨೧ರಿಂದ ಸುಮಾರು ೧೫ಕ್ಕೆ ಇಳಿಯಬೇಕಾಗುತ್ತದೆ. ಆದರೆ ಅಲ್ಲಿಗೆ ಮುಟ್ಟುವ ಮೊದಲೇ ಜ್ವಾಲೆಯ ಸ್ವಭಾವ ಬದಲಾಗುತ್ತದೆ. ಸಾಕಷ್ಟು ಆಮ್ಲಜನಕ ದೊರೆಯದೆ ಇಂಗಾಲವು ಅರ್ಧ ಸುಟ್ಟು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಮುಚ್ಚಿದ ಕೋಣೆಯ ಅಗ್ಗಿಷ್ಟಿಕೆಯಿಂದ ಬರುವುದೂ ಈ ಅನಿಲವೇ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಉರಿದ ಮೇಲೆ ಆ ಎಚ್ಚರಿಕೆಯೂ ಸುಟ್ಟುಹೋಗುತ್ತದೆ. ‘ವಾಸನೆ ಬರಲಿಲ್ಲ, ಆದುದರಿಂದ ಅಪಾಯವಿಲ್ಲ’ ಎಂಬ ತರ್ಕ ಇಲ್ಲಿ ಸಲ್ಲದು. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆ ಸುತ್ತು, ವಾಕರಿಕೆ. ಆಮೇಲೆ ಕಾಲುಗಳಲ್ಲಿ ಬಲವಿಲ್ಲದಂತಾಗುತ್ತದೆ. ಬಾಗಿಲು ಎರಡು ಹೆಜ್ಜೆಯ ದೂರದಲ್ಲಿದ್ದರೂ ಚಿಲಕ ತೆಗೆಯಲು ಕೈ ಏಳುವುದಿಲ್ಲ.

ಹಿಂದೆ ಹಂಡೆಯ ಒಲೆಯಲ್ಲಿಯೂ ಈ ಅನಿಲ ಹುಟ್ಟುತ್ತಿತ್ತು. ಆದರೆ ಅದರ ಜೊತೆಗೆ ಹೊಗೆಯಿತ್ತು. ಹೊಗೆಗೆ ಕಣ್ಣುರಿದು ಜನ ತಾವಾಗಿ ಬಾಗಿಲು ತೆರೆಯುತ್ತಿದ್ದರು. ಹಂಚಿನ ಸಂದುಗಳಿಂದಲೂ ಗಾಳಿಯಾಡುತ್ತಿತ್ತು. ಹೊಸ ಗೀಸರಿಗೆ ಹೊಗೆಯಿಲ್ಲ, ಹೊಸ ಮನೆಯಲ್ಲಿ ಸಂದುಗಳಿಲ್ಲ. ನಾವು ಮೆಚ್ಚಿಕೊಂಡ ಎರಡು ಅನುಕೂಲಗಳು ಸೇರಿ ಕಾವಲುಗಾರನನ್ನು ಹೊರಗೆ ಕಳುಹಿಸಿಬಿಟ್ಟಿವೆ.

ಪರಿಹಾರ ಕಷ್ಟವಲ್ಲ. ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ತೆರೆದ ಜಾಗದಲ್ಲಿ ಹಾಕಿಸಿ ಬಿಸಿನೀರಿನ ಕೊಳಾಯಿಯನ್ನು ಮಾತ್ರ ಒಳಗೆ ತರಬೇಕು. ಅದಾಗುವವರೆಗೆ ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ಟು ತುಂಬಿಸಿ, ಗೀಸರನ್ನು ಆರಿಸಿ, ಒಳಗಿನ ಗಾಳಿ ಪೂರ್ತಿ ಬದಲಾದ ಮೇಲೆಯೇ ಸ್ನಾನಕ್ಕೆ ಹೋಗಬೇಕು. ಒಳಗೆ ಹೋದವರು ಕೂಗಿದರೆ ಓಗೊಡದಿದ್ದಲ್ಲಿ ಬಾಗಿಲು ಒಡೆಯಲು ಸಂಕೋಚ ಪಡಬಾರದು. ಅವರನ್ನು ತಕ್ಷಣ ಹೊರಗಿನ ಗಾಳಿಗೆ ತಂದು ೧೦೮ಕ್ಕೆ ಕರೆ ಮಾಡಬೇಕು. ಶುದ್ಧ ಗಾಳಿಯಲ್ಲಿದ್ದರೂ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿಯುವುದರಿಂದ, ಎಚ್ಚರ ಬಂದರೂ ಆಸ್ಪತ್ರೆಗೆ ಒಯ್ಯುವುದು ಅವಶ್ಯ.

ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆ. ಮುಂದಿನ ಸಲ ಬಂಧುಗಳ ಹೊಸ ಮನೆಗೆ ಹೋದಾಗ ಅಳತೆಯ ಟೇಪೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಚ್ಚಲುಮನೆಯ ಉದ್ದ, ಅಗಲ, ಎತ್ತರಗಳನ್ನು ಅಳೆದು ಮೇಲಿನ ಲೆಕ್ಕವನ್ನು ಒಂದು ಹಾಳೆಯ ಮೇಲೆ ಮಾಡಿ ಮನೆಯ ಹಿರಿಯರಿಗೆ ತೋರಿಸಿ. ಉಡುಗೊರೆಯಾಗಿ ಕೊಡುವ ಗಡಿಯಾರ ಅವರಲ್ಲಿ ಆಗಲೇ ನಾಲ್ಕು ಇರುತ್ತವೆ. ಈ ಹಾಳೆ ಮಾತ್ರ ಇನ್ನಾರೂ ಕೊಟ್ಟಿರುವುದಿಲ್ಲ.