ಥೇಮ್ಸ್ ತೀರದ ತೈಲಾಗ್ನಿ

ಮಹಾಯುದ್ಧದಿಂದ ಜರ್ಜರಿತವಾಗಿದ್ದ ಲಂಡನ್ ನಗರವು 1947ರ ಉಗ್ರ ಚಳಿಗಾಲದಲ್ಲಿ ಕಲ್ಲಿದ್ದಲಿನ ಅಭಾವದಿಂದ ಕಂಗೆಟ್ಟಿದ್ದ ಆ ವರ್ಷದಲ್ಲಿಯೇ, ಥೇಮ್ಸ್ ನದಿಯ ದಕ್ಷಿಣ ತೀರದ ಬ್ಯಾಂಕ್‌ಸೈಡಿನಲ್ಲಿ, ಸೇಂಟ್ ಪಾಲ್ ದೇವಾಲಯಕ್ಕೆ ಇದಿರಾಗಿ, ತೈಲವನ್ನು ಉರಿಸುವ ವಿದ್ಯುದಾಗಾರವೊಂದನ್ನು ನಿರ್ಮಿಸಲು ಸರ್ಕಾರವು, ಪ್ರಬಲವಾದ ಆಕ್ಷೇಪಣೆಗಳ ನಡುವೆಯೂ, ಅನುಮತಿಯನ್ನಿತ್ತಿತು. ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್‌ರು ಅದರ ಒಂಟಿ ಚಿಮಣಿಯನ್ನು 99 ಮೀಟರಿಗೆ ಮಿತಗೊಳಿಸಿ, 111 ಮೀಟರ್ ಎತ್ತರದ ದೇವಾಲಯಶಿಖರದ ಘನತೆಯನ್ನು ಕಾಯ್ದರು. 1952ರಲ್ಲಿ ಪಶ್ಚಿಮಾರ್ಧವು ವಿದ್ಯುತ್ತನ್ನು ನೀಡತೊಡಗಿತು. 1963ರಲ್ಲಿ ಕಟ್ಟಡವು ಪೂರ್ಣವಾಯಿತು.

ಇಂತಹ ಆಗಾರಗಳ ಇಂಧನವು ಪೆಟ್ರೋಲು, ಸೀಮೆಎಣ್ಣೆಗಳನ್ನು ಬಟ್ಟಿಯಿಳಿಸಿದ ಬಳಿಕ ಉಳಿಯುವ, ಬೆಲ್ಲದ ಪಾಕದಂತೆ ಮಂದವಾದ ಕಪ್ಪು ತೈಲ. ಅದನ್ನು ಹಬೆಯಿಂದ ಕಾಯಿಸಿ ತೆಳುವಾಗಿಸಿ, ಬರ್ನರುಗಳ ಮೂಲಕ ಅತಿಸೂಕ್ಷ್ಮ ಹನಿಗಳಾಗಿ ಸಿಂಪಡಿಸದಿದ್ದರೆ, ಪ್ರತಿ ಹನಿಯ ಒಳಭಾಗಕ್ಕೂ ಗಾಳಿ ತಲಪದೆ ಅರೆಬೆಂದ ಇಂಗಾಲವು ಮಸಿಯಾಗಿ ಹೊರಬೀಳುವುದು. ಸರಿಯಾಗಿ ಉರಿದಾಗ ಹುಟ್ಟುವ ತಾಪವು ಬಾಯ್ಲರಿನ ಕೊಳವೆಗಳಲ್ಲಿನ ನೀರನ್ನು ಹಬೆಯಾಗಿಸಿ, ಆ ಹಬೆಯು ಟರ್ಬೈನನ್ನು ತಿರುಗಿಸಿ, ನದಿಯ ನೀರಿನಿಂದ ತಂಪುಗೊಂಡು, ಜಲರೂಪದಿಂದ ಮರಳಿ ಬಾಯ್ಲರನ್ನು ಸೇರುವುದು. ಆದರೆ ತೈಲದ ಬೂದಿ ಅತ್ಯಲ್ಪವಾದರೂ ನಿರಪಾಯಕರವಲ್ಲ: ಅದರಲ್ಲಿನ ವೆನೇಡಿಯಮ್ಮಿನ ಸಂಯುಕ್ತಗಳು ಅಧಿಕ ತಾಪದಲ್ಲಿ ಕರಗಿ ಉಕ್ಕಿನ ರಕ್ಷಾಪದರವನ್ನೇ ತಿನ್ನುವುದರಿಂದ, ಹಬೆಯ ತಾಪವನ್ನು ಎಂಜಿನಿಯರನು ಮನಬಂದಷ್ಟು ಏರಿಸಲಾರನು.

ತೈಲದ ಗಂಧಕವು ಇನ್ನೂ ಕಠಿನವಾದ ಪ್ರಶ್ನೆ. ನಗರದ ನಡುವೆ ಗಂಧಕದ ಹೊಗೆಯನ್ನು ಚೆಲ್ಲುವಂತಿರಲಿಲ್ಲವಾಗಿ, ಬ್ಯಾಂಕ್‌ಸೈಡಿನಲ್ಲಿ ಹೊಗೆಯನ್ನು ಕ್ಷಾರಗುಣವುಳ್ಳ ಥೇಮ್ಸ್ ಜಲದಿಂದ ತೊಳೆದು, ಗಂಧಕದ ಬಹುಭಾಗವನ್ನು ಹೀರಿಸಿಕೊಂಡು, ಆಮೇಲೆ ಚಿಮಣಿಗೆ ಬಿಡುತ್ತಿದ್ದರು. ಕಟ್ಟಡದ ಇಟ್ಟಿಗೆಗೆಲಸಕ್ಕಿಂತಲೂ ಈ ಸಾಹಸವೇ ನನಗೆ ಹೆಚ್ಚು ಗೌರವಾರ್ಹವೆನಿಸುತ್ತದೆ. ಆದರೂ ಅದರ ಫಲವು ಅಕಳಂಕವಾಗಿರಲಿಲ್ಲ: ತೊಳೆದ ಹೊಗೆಯು ತಣ್ಣಗಾಗಿ, ಮೇಲೇರುವ ಶಕ್ತಿಯನ್ನು ಕಳೆದುಕೊಂಡು ಕೆಲವೊಮ್ಮೆ ಕೆಳಕ್ಕಿಳಿಯುತ್ತಿತ್ತು, ತೊಳೆದ ನೀರಾದರೋ ನದಿಗೇ ಮರಳುತ್ತಿತ್ತು. ಗಾಳಿಯ ಋಣವನ್ನು ನೀರಿನ ಮೇಲೆ ಹೊರಿಸಿದರೆ ಅದು ತೀರಿದಂತಾಗದೆಂಬುದನ್ನು ಅಂದಿನವರು ಗಣಿಸಬೇಕಾಗಿತ್ತು.

1973ರ ತರುವಾಯ ತೈಲದ ಬೆಲೆಯು ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಮಡಿಯಾದಾಗ, ಇಂಧನದ ವೆಚ್ಚವನ್ನು ತಾಳಲಾರದೆ ಈ ಆಗಾರವು ಸೊರಗತೊಡಗಿ, 1981ರಲ್ಲಿ ಮುಚ್ಚಲ್ಪಟ್ಟಿತು. 2000ದ ಮೇ ತಿಂಗಳಿನಲ್ಲಿ ಅದೇ ಕಟ್ಟಡವು ಟೇಟ್ ಮಾಡರ್ನ್ ಕಲಾಸಂಗ್ರಹಾಲಯವಾಗಿ ತೆರೆಯಿತು. ಭೂಮಿಯೊಳಗಿನ ತೈಲದ ತೊಟ್ಟಿಗಳೂ 2012ರಲ್ಲಿ ಕಲಾಪ್ರದರ್ಶನಕ್ಕೆ ಒದಗಿದವು.