ಪನ್ನಾ ಎಷ್ಟೈತ್ರಿ?

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಬಟ್ಟೆ ಅಂಗಡಿ. ನನ್ನ ಅಣ್ಣನ ಮಗಳಿಗೆ ಹತ್ತು ವರ್ಷ. ಕಟ್ಟೆಯ ಮೇಲೆ ಮೊಣಕೈ ಊರಿ, "ಅಣ್ಣಾರ, ಇದರ ಪನ್ನಾ ಎಷ್ಟೈತ್ರಿ?" ಎಂದಳು. ಥಾನು ಬಿಚ್ಚುತ್ತಿದ್ದವರು ಕೈ ತಡೆದು ಅವಳನ್ನೇ ನೋಡಿದರು. "ನಲವತ್ನಾಲ್ಕು ಇಂಚೈತಿ ನೋಡವಾ. ನಿನಗ ಈ ಮಾತ ಯಾರು ಕಲಿಸಿದ್ರು?"

ಪನ್ನಾ ಎಂದರೆ ಬಟ್ಟೆಯ ಅಗಲ. ಯಾರೂ ಕಲಿಸಿರಲಿಲ್ಲ. ರಜೆಯಲ್ಲಿ ಒಂದು ಕೌದಿ ಹೊಲಿಯಲು ಕೂತಿದ್ದಳು. ಆ ಮಾತು ಅಲ್ಲಿಂದ ಹುಟ್ಟಿತ್ತು.

ಉತ್ತರ ಕರ್ನಾಟಕದವರಿಗೆ ಕೌದಿಯ ಪರಿಚಯ ಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ಮನೆಯ ಹಳೆ ಬಟ್ಟೆಗಳಿಂದ ಮಾಡುವ ಹಾಸು, ಹೊದಿಕೆ ಎರಡೂ. ಕೆಳಗೆ ಒಂದು ಸವೆದ ಸೀರೆ, ನಡುವೆ ನಾಲ್ಕಾರು ಪದರ ಧೋತರ, ಲುಂಗಿ, ಹರಿದ ಚಾದರ, ಮೇಲೆ ಕುಬಸ, ಅಂಗಿ, ಲಂಗಗಳ ಬಣ್ಣಬಣ್ಣದ ತುಂಡು. ಎಲ್ಲವನ್ನೂ ನೆಲಕ್ಕೆ ಹಾಸಿ, ಅಲುಗದಂತೆ ಮೂಲೆಗೆ ಒರಳುಗುಂಡನ್ನೋ ತುಂಬಿದ ತಂಬಿಗೆಯನ್ನೋ ಇಟ್ಟು, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿಯುವುದು. ಮಾನೌಮಿ ಹಬ್ಬದ ಮೊದಲು ಹಾಸಿಗೆ ಒಗೆಯುವಾಗ ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಬೇಕು. ಅದರ ತೂಕ ಎಷ್ಟೆಂಬುದು ಒಗೆದವರಿಗೇ ಗೊತ್ತು.

ಮಕ್ಕಳಿಗೆ ಹೊಲಿಗೆ ಕಲಿಸಬೇಕೆಂದರೆ ಬಹಳ ಜನ ಮೊದಲು ಮಷಿನ್ ಹುಡುಕುತ್ತಾರೆ. ನನಗದು ಸರಿ ಕಾಣುವುದಿಲ್ಲ. ಪೆಡಲ್ ಮೇಲೆ ಕಾಲಿಟ್ಟ ಮಗುವಿಗೆ ಓಟದ ಮೋಜು ಸಿಗುತ್ತದೆಯೇ ಹೊರತು ಬಟ್ಟೆಯ ಗುಣ ತಿಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ 'ಕಿಟ್' ಇನ್ನೂ ಬೇಡ, ಅದರಲ್ಲಿ ತೂತುಗಳನ್ನು ಮೊದಲೇ ಹೊಡೆದಿರುತ್ತಾರೆ! ಕೌದಿಗಾದರೆ ಬೇಕಾದದ್ದು ನೂರು ಸಲ ಒಗೆದು ಮೆತ್ತಗಾದ ಹತ್ತಿ. ಹೊಸ ಗಂಜಿ ಬಟ್ಟೆಯಲ್ಲಿ ತಡವರಿಸುವ ಸೂಜಿ ಅದರಲ್ಲಿ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯುತ್ತದೆ. ಹೊಲಿಗೆ ಸೊಟ್ಟಾದರೂ ಹಾಳಾಗುವಂಥದ್ದು ಏನೂ ಇಲ್ಲ.

ನಮ್ಮ ಮನೆಯಲ್ಲಿ ಮಧ್ಯಾಹ್ನ ಸೇರುತ್ತಿದ್ದ ಐದು ಮಕ್ಕಳಿಗೆ ಎರಡು ಮೊಳ ಚೌಕದ ಪುಟ್ಟ ಕೌದಿ ಸಾಕಾಯಿತು. ಅಳತೆಗಳೆಲ್ಲ ಮೈಯವು, ಹೊಲದವು. ದಾರ ಒಂದೂವರೆ ಮೊಳ, ಅದಕ್ಕಿಂತ ಉದ್ದವಾದರೆ ಗಂಟು ಬೀಳುತ್ತದೆ. ಹೊಲಿಗೆ ಜೋಳದ ಕಾಳಿನಷ್ಟು, ಸಾಲಿನಿಂದ ಸಾಲಿಗೆ ಒಂದು ಬೆರಳು. ದಾರ ಬಿರುಸಾಗಿದ್ದರೆ ಮೇಣದಬತ್ತಿಯ ಮೇಲೆ ಒಮ್ಮೆ ಎಳೆದರೆ ಹದವಾಗುತ್ತದೆ. ಮೊದಲ ದಿನ ಜೋಳದ ಕಾಳು ಹುಣಸೆಬೀಜದಷ್ಟಿತ್ತು. ಮೂರನೆಯ ದಿನಕ್ಕೆ ಕಡಲೆ. ಅಷ್ಟರಲ್ಲಿ ಎದುರುಮನೆ ಹುಡುಗ ಅಂಗಿಯ ಗುಂಡಿ ಹಚ್ಚುವುದನ್ನೂ ಕಲಿತ. ಗುಂಡಿಯ ಮೇಲೊಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದ ಹೊಲಿದು, ಆಮೇಲೆ ಕಡ್ಡಿ ಎಳೆದು, ಸಡಿಲಾದ ದಾರವನ್ನು ಗುಂಡಿಯ ಕೆಳಗೆ ಸುತ್ತಿಬಿಟ್ಟರೆ ಕಾಜದಲ್ಲಿ ಬಿಗಿಯುವುದಿಲ್ಲ. ಅವನ ಅಪ್ಪನಿಗೆ ಈ ವಿದ್ಯೆ ಇಂದಿಗೂ ಬರುವುದಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗೆ ಬೇರೆಯೇ ನಡೆ ಇದೆ. ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಇವರಲ್ಲಿ ಅನೇಕರ ಹಿರಿಯರು. ಸಿದ್ದಿಯರು ಮೇಲಿನ ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಒಂದು ಮೂಲೆಯಲ್ಲಿ ಶುರುಮಾಡಿ, ಅಂಚು ಹಿಡಿದು ಸುತ್ತುತ್ತ, ತುಂಡು ಇಡುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಮುಕ್ಕೋನದ 'ಫೂಲ' ಕೂರಿಸಿದ ಮೇಲೇ ಕೌದಿ ಮುಗಿದ ಹಾಗೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಅಧ್ಯಯನ ಮಾಡಿ ಹೊರಗಿನವರ ಕಣ್ಣಿಗೆ ಬೀಳುವಂತೆ ಮಾಡಿದರು. ಮಕ್ಕಳಿಗೆ ನಾನು ತೋರಿಸಿದ್ದು ಸಿದ್ದಿಯರ ನಡೆಯನ್ನೇ. ಮುಂದಿನ ತುಂಡು ಯಾವುದೆಂದು ಸೂಜಿ ಅಲ್ಲಿಗೆ ಬಂದಾಗಲೇ ತೀರ್ಮಾನಿಸಬೇಕಾದ್ದರಿಂದ ಯಾರಿಗೂ ಬೇಸರ ಬರಲಿಲ್ಲ. ಜಗಳ ಮಾತ್ರ ದಿನವೂ ಇತ್ತು.

ಕೌದಿ ಅರ್ಧ ಆಗುವ ಹೊತ್ತಿಗೆ ಹುಡುಗಿಗೆ ಕೈಚೀಲ ಹೊಲಿಯುವ ಹುಮ್ಮಸ್ಸು ಬಂತು. ಅದಕ್ಕೆ ಹೊಸ ಬಟ್ಟೆ ಬೇಕು. ಪೇಟೆಗೆ ಹೊರಟದ್ದು ಆಗ. ಚೀಲದ ಅಗಲ 16 ಇಂಚು, ಒಂದು ಮೀಟರ್ ಉದ್ದವನ್ನು ನಡುವೆ ಮಡಚಿದರೆ ಎರಡು ಬದಿ. 44 ಇಂಚು ಪನ್ನಾದ ಬಟ್ಟೆಯಾದರೆ ಅಗಲದಲ್ಲಿ ಎರಡು ಚೀಲ ಕೂತು 12 ಇಂಚು ಉಳಿಯುತ್ತದೆ, ನಾಲ್ಕು ಹಿಡಿಕೆಗೆ ಧಾರಾಳ. 36 ಇಂಚಾದರೆ ಉಳಿಯುವುದು ನಾಲ್ಕೇ ಇಂಚು. ಶಾಲೆಯ ಭಾಗಾಕಾರಕ್ಕೆ ಮುಖ ಕಿವುಚುವವಳು ಇದನ್ನು ಅಂಗಡಿಯ ಮೆಟ್ಟಿಲ ಮೇಲೆ ಬೆರಳಲ್ಲೇ ಮುಗಿಸಿದಳು.

ಅಂಗಡಿಯವರು ಪಾಪ್ಲಿನ್ ಅಂಚಿಗೆ ಕತ್ತರಿಯ ಚಿಕ್ಕ ಕಚ್ಚು ಕೊಟ್ಟು ಪರ್ರನೆ ಹರಿದರು. ಹರಿದದ್ದು ಗೆರೆ ಎಳೆದಷ್ಟು ನೇರ! ಹಾಸುನೂಲು, ಹೊಕ್ಕುನೂಲು ಏನೆಂದು ಆ ಒಂದು ಸದ್ದು ತಿಳಿಸಿದಷ್ಟು ನನ್ನ ಮಾತು ತಿಳಿಸಿರಲಿಲ್ಲ. ಬಟ್ಟೆಯನ್ನು ಓರೆಯಾಗಿ ಎಳೆದರೆ ಜಗ್ಗುತ್ತದೆ, ನೂಲಿನ ಗುಂಟ ಎಳೆದರೆ ಜಗ್ಗುವುದಿಲ್ಲ. ಒದ್ದೆ ಕರವಸ್ತ್ರದಿಂದ ಉಜ್ಜಿದರೆ ಬಣ್ಣ ಬಿಡುವುದೋ ಇಲ್ಲವೋ ಗೊತ್ತಾಗುತ್ತದೆ. ಹತ್ತಿಯೆಂದು ಕೊಟ್ಟದ್ದು ಹತ್ತಿಯೇ ಹೌದೋ ಎಂಬ ಅನುಮಾನ ಬಂದರೆ ಮನೆಗೆ ಬಂದು ಒಂದು ಎಳೆ ಕಿತ್ತು, ದೊಡ್ಡವರು ಕಡ್ಡಿ ಗೀರಿ ಸುಡಬೇಕು. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಕತ್ತರಿಸುವ ಮೊದಲು ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕುವುದನ್ನು ಮರೆಯಬಾರದು. ನಾನು ಮರೆತು ಹೊಲಿದ ಲಂಗವೊಂದು ಮೊದಲ ಒಗೆತಕ್ಕೇ ಮೊಣಕಾಲಿಗೆ ಏರಿತ್ತು.

ನೂಲಿನ ಪಾಠಕ್ಕೆ ನಮ್ಮ ಸೀಮೆ ಶ್ರೀಮಂತ. 1957ರಲ್ಲಿ ಶುರುವಾದ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಬ್ಬಳ್ಳಿಯಲ್ಲೇ ಇದೆ. ಇಲ್ಲಿ ಹೊಲಿದ ರಾಷ್ಟ್ರಧ್ವಜ ದೇಶದ ಎಲ್ಲೆಡೆ ಹಾರುತ್ತದೆ. 2021ರ ಕೊನೆಗೆ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟದ್ದು ಇಲ್ಲಿನವರ ಕೈಗೆ ದೊಡ್ಡ ಹೊಡೆತ. ಖಾದಿಯ ಮೇಲೆ ಮಗುವಿನ ಬೆರಳು ಆಡಿಸಿದರೆ ಕೈನೂಲಿನ ದಪ್ಪ ತೆಳು ತಾನೇ ಸಿಗುತ್ತದೆ. ಇನ್ನೊಂದು ಅಂಗಡಿಯಲ್ಲಿ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ತೋರಿಸಿದರು. ಕುಬಸಕ್ಕೆಂದೇ ನೇಯುವ ಈ ಬಟ್ಟೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಎಳೆಗೂಸಿನ ಕುಂಚಿಗೆಗೂ ಇದೇ ಬೇಕು. ಅಗ್ಗದ ಖಣ ಈಗ ಪವರ್‌ಲೂಮಿನಿಂದಲೂ ಬರುತ್ತದೆ. ನಮ್ಮ ಹುಡುಗಿ ಎರಡನ್ನೂ ಮುಟ್ಟಿ, ಒಂದನ್ನು "ಇದು ಜಾರ್ತೈತಿ" ಎಂದು ದೂಡಿದಳು. ಅಂಗಡಿಯವರು ನಕ್ಕು ಸುಮ್ಮನಾದರು.

ಧಾರವಾಡ ಸೀಮೆಯಲ್ಲಿದ್ದು ಕಸೂತಿ ಬಿಡಬಹುದೇ ಎಂದು ಕೇಳುವವರಿದ್ದಾರೆ. ಗವಂತಿ, ಮುರಗಿ, ನೇಗಿ, ಮೆಂತೆ ನಾಲ್ಕೂ ಎಳೆ ಎಣಿಸಿ ಹಾಕುವ ಹೊಲಿಗೆ. ಗಂಟು ಹಾಕುವಂತಿಲ್ಲ. ಗವಂತಿಯಂತೂ ಎರಡೂ ಮಗ್ಗುಲಿಗೆ ಒಂದೇ ತೆರನಾಗಿ ಕಾಣಬೇಕು. ನನ್ನ ಶಾಲೆಯ ಹೊಲಿಗೆ ಕ್ಲಾಸಿನಲ್ಲಿ ಬಟ್ಟೆಯ ಹಿಂಬದಿ ನೋಡಿಯೇ ಅಂಕ ಕೊಡುತ್ತಿದ್ದರು. ಆ ಹೆದರಿಕೆಗೆ ನಾನು ಸೂಜಿ ಕೆಳಗಿಟ್ಟವಳು ಇಪ್ಪತ್ತು ವರ್ಷ ಮತ್ತೆ ಮುಟ್ಟಲಿಲ್ಲ. ಆದ್ದರಿಂದ ಕಸೂತಿ ಮುಂದಿನ ವರ್ಷಕ್ಕೆ, ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಮೇಲೆ.

ಕೌದಿ ಮುಗಿಯಲು ಇಪ್ಪತ್ತೆರಡು ದಿನ ಹಿಡಿಯಿತು. ಕೊನೆಗೆ ಫೂಲ. ಮೂರು ಮೂಲೆಗೆ ಚೀಲದಲ್ಲಿ ಉಳಿದ ಕೆಂಪು ಪಾಪ್ಲಿನ್ ಸಾಕಾಯಿತು, ನಾಲ್ಕನೆಯದಕ್ಕೆ ಸಾಲಲಿಲ್ಲ. ಹುಡುಗಿ ಒಳಗೆ ಹೋಗಿ ತನ್ನ ಒಂದನೇ ಇಯತ್ತೆಯ ನೀಲಿ ಯೂನಿಫಾರ್ಮ್ ತಂದು ಮುಂದಿಟ್ಟಳು. ಅವಳಮ್ಮ ನೆನಪಿಗೆಂದು ಎತ್ತಿಟ್ಟ ಅಂಗಿ ಅದು.

"ಅತ್ತಿ, ಅವ್ವ ಬರೋದ್ರಾಗ ಕತ್ತರಸು," ಎಂದಳು.