ಗೊಂಬೆಗೆ ಬಣ್ಣ, ಮನೆಗೆ ಗಾಳಿ

ಶ್ರೀರಂಗಪಟ್ಟಣದ ಕೋಟೆಯನ್ನು ದಾಟಿ ಗಂಜಾಮಿನ ಹಾದಿ ಹಿಡಿದವರು ದರಿಯಾ ದೌಲತ್ ಬಾಗನ್ನು ನೋಡದೆ ಮುಂದೆ ಹೋಗಲಾರರು. 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಬೇಸಗೆಯ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗ ಇಂದಿಗೂ ನಡೆದೇ ಇದೆ. ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ, ಸುತ್ತ ಆನೆ, ಕುದುರೆ, ಕಾಲಾಳು. ತೆರೆದ ಮೊಗಸಾಲೆಯಲ್ಲಿ, ಕಾವೇರಿಯ ಗಾಳಿಗೆ ಮೈಯೊಡ್ಡಿ ನಿಂತು ಕುಂಚವಾಡಿಸಿದ ಆ ಚಿತ್ರಗಾರರಿಗೆ ಬಣ್ಣದ ಘಾಟು ಕೋಣೆಯಲ್ಲಿ ನಿಂತೀತೆಂಬ ಚಿಂತೆ ಇದ್ದಿರಲಾರದು.

ಅದೇ ಗಂಜಾಮಿನಲ್ಲಿ ಇಂದಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ನವರಾತ್ರಿ ಹತ್ತಿರವಾಗಿದೆ. ಈ ಊರಿಗೆ ದಸರೆಯೆಂದರೆ ಸಾಮಾನ್ಯವಲ್ಲ. ರಾಜ ಒಡೆಯರು 1610ರಲ್ಲಿ ಅದನ್ನು ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿಯೇ. ಅಟ್ಟದಿಂದ ಗೊಂಬೆಗಳು ಇಳಿದಿವೆ. ಮನೆಯ ಹುಡುಗ ರಟ್ಟಿನಿಂದ ಗುಂಬಜ್‌ನ ಮಾದರಿಯೊಂದನ್ನು ಕಟ್ಟಿದ್ದಾನೆ. ಬಿಳಿಯ ಗುಮ್ಮಟ, ಸುತ್ತ ಕರಿಯ ಕಂಬಗಳು. ಬಣ್ಣಕ್ಕೆ ಸ್ಪ್ರೇ ಡಬ್ಬಿ ಬಂದಿದೆ. ಹಸಿ ಬಣ್ಣದ ಮೇಲೆ ಧೂಳು ಕೂಡುವುದೆಂದು ಅವನು ಕಿಟಕಿ ಮುಚ್ಚಿದ್ದಾನೆ. ಪಕ್ಕದ ಕೋಣೆಯಲ್ಲಿ ಅಜ್ಜಿ ದೇವರ ಮುಂದೆ ದೀಪ ಹಚ್ಚಿದ್ದಾರೆ.

ಅಪಾಯವಿರುವುದು ಇಲ್ಲಿಯೇ. ಡಬ್ಬಿಯಿಂದ ಬಣ್ಣವನ್ನು ಹೊರದೂಡುವ ಅನಿಲ ಬಹುಮಟ್ಟಿಗೆ ಅಡುಗೆ ಅನಿಲದ ಜಾತಿಯದೇ, ಪ್ರೋಪೇನ್ ಮತ್ತು ಬ್ಯುಟೇನ್. ಬಣ್ಣವನ್ನು ತೆಳುಮಾಡುವ ಥಿನ್ನರ್‌ನಲ್ಲಿ ಟಾಲ್ಯೀನ್, ಜೈಲೀನ್, ಅಸಿಟೋನ್ ಮುಂತಾದವು ಇರುತ್ತವೆ. ಇವುಗಳ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ನೀರಿನಂತೆ ಹರಿದು, ಬಾಗಿಲ ಸಂದಿನಿಂದ ನುಸುಳಿ, ದೀಪದ ಕುಡಿಯನ್ನೋ ಒಲೆಯ ಉರಿಯನ್ನೋ ತಲುಪಬಲ್ಲುದು. ಬೆಂಕಿ ತಗುಲದಿದ್ದರೂ ತಲೆನೋವು, ತಲೆಸುತ್ತು ತಪ್ಪದು. ‘ನೀರಿನ ಬಣ್ಣ, ಏನೂ ಆಗದು’ ಎನ್ನುವವರುಂಟು. ಕುಂಚದಿಂದ ಬಳಿದರೆ ಆ ಮಾತು ಒಪ್ಪತಕ್ಕದ್ದೇ; ಏರ್‌ಬ್ರಷ್‌ನಿಂದ ಊದಿದಾಗಲಾದರೋ ಆ ಬಣ್ಣವೂ ಸಣ್ಣ ಹನಿಗಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

ತಲೆಯ ಮೇಲಿನ ಫ್ಯಾನು ತಿರುಗಿಸಿದರೆ ಸಾಲದೇ? ಸಾಲದು. ಅದು ಕೋಣೆಯ ಗಾಳಿಯನ್ನೇ ಕಲಕುತ್ತದೆ, ಹೊರಗೆ ಕಳುಹಿಸುವುದಿಲ್ಲ. ಬೇಕಾದುದು ಗಾಳಿಗೊಂದು ಹಾದಿ: ಬೆನ್ನ ಹಿಂದಿನಿಂದ ಬಂದು, ಕೈಯ ಮುಂದಿನ ಗೊಂಬೆಯನ್ನು ಸವರಿ, ನೇರವಾಗಿ ಮನೆಯ ಹೊರಕ್ಕೆ. ಮೂಗು ಈ ಹಾದಿಯ ಆರಂಭದಲ್ಲಿರಬೇಕು, ಕೊನೆಯಲ್ಲಲ್ಲ.

ಇದಕ್ಕೆ ಮುಂಭಾಗ ತೆರೆದಿರುವ ಒಂದು ಪೆಟ್ಟಿಗೆ ಸಾಕು. ಎರಡಡಿ ಅಗಲ, ಒಂದೂವರೆ ಅಡಿ ಎತ್ತರವೆನ್ನೋಣ. ತೆರೆದ ಬಾಯಿ ಮೂರು ಚದರಡಿ. ಆ ಬಾಯಿಯಲ್ಲಿ ಗಾಳಿ ನಿಮಿಷಕ್ಕೆ 100 ಅಡಿಯ ವೇಗದಲ್ಲಿ ಒಳಸರಿಯಬೇಕೆಂಬುದು ತಿಳಿದವರು ಹಾಕುವ ಲೆಕ್ಕ. ಅಂದರೆ ನಿಮಿಷಕ್ಕೆ 300 ಘನ ಅಡಿ. ನಮ್ಮ ಅಂಗಡಿಗಳ ಫ್ಯಾನಿನ ಮೇಲೆ ಗಂಟೆಗೆ ಘನ ಮೀಟರ್ ಎಂದು ಬರೆದಿರುತ್ತದೆ. ಆ ಲೆಕ್ಕದಲ್ಲಿ ಸುಮಾರು 510. ಶೋಧಕವೂ ಕೊಳವೆಯೂ ಗಾಳಿಯನ್ನು ತಡೆಯುವುದರಿಂದ ಇದಕ್ಕಿಂತ ಧಾರಾಳವಾದುದನ್ನೇ ಕೊಳ್ಳಬೇಕು. ಕೊಳವೆ ಆದಷ್ಟು ಗಿಡ್ಡಾಗಿ, ಅಗಲವಾಗಿ, ತಿರುವಿಲ್ಲದೆ ಇರಲಿ. ಅದರ ತುದಿ ಪಕ್ಕದ ಮನೆಯವರ ಕಿಟಕಿಗೆ ಮುಖಮಾಡದಿರಲಿ. ನಮ್ಮ ಮನೆಯ ಘಾಟು ಅವರಿಗೇಕೆ? ಎದುರು ದಿಕ್ಕಿನ ಬಾಗಿಲೋ ಕಿಟಕಿಯೋ ತೆರೆದಿರದಿದ್ದರೆ ಎಂಥ ಫ್ಯಾನೂ ಉಸಿರುಕಟ್ಟಿದಂತೆ ಸುಮ್ಮನೆ ತಿರುಗುತ್ತದೆ.

ಇನ್ನೊಂದು ತೊಡಕಿದೆ. ಬಚ್ಚಲುಮನೆಗೆ ಹಾಕುವ ಸಾಮಾನ್ಯ ಎಕ್ಸಾಸ್ಟ್ ಫ್ಯಾನಿನ ಮೋಟಾರು ಗಾಳಿಯ ಹಾದಿಯ ನಡುವೆಯೇ ಕುಳಿತಿರುತ್ತದೆ. ಥಿನ್ನರ್‌ನ ಆವಿ ಅದನ್ನು ಹಾದುಹೋಗುವಾಗ ಒಂದು ಕಿಡಿ ಹಾರಿದರೆ ಮುಗಿಯಿತು. ಮೋಟಾರು ಹೊರಗಿರುವ, ಕಿಡಿ ಹಾರದ ಬ್ಲೋವರ್ ದೊರೆತರೆ ಸರಿ. ದೊರೆಯದಿದ್ದರೆ ಪೆಟ್ಟಿಗೆಯಲ್ಲಿ ನೀರಿನ ಬಣ್ಣವನ್ನಷ್ಟೇ ಊದಬೇಕು. ಡಬ್ಬಿಯ ಬಣ್ಣಕ್ಕೆ ಹಿತ್ತಲೇ ತಕ್ಕ ಸ್ಥಳ. ಕಾರಿಗೆ ಬಳಿಯುವ, ಎರಡು ಡಬ್ಬಿ ಬೆರೆಸುವ ಬಣ್ಣಗಳಲ್ಲಿ ಐಸೋಸಯನೇಟ್ ಇರುವುದುಂಟು. ಅದು ಆಸ್ತಮಾ ತರಬಲ್ಲುದು. ಅದು ಮನೆಯೊಳಗೆ ಕಾಲಿಡಲೇಬಾರದು.

ಮುಖಕ್ಕೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯದು. ಎನ್-95 ಮುಖವಾಡ ಹನಿಗಳನ್ನು ತಡೆದೀತು, ಆವಿಯನ್ನಲ್ಲ. ಆವಿಗೆ ಇದ್ದಿಲಿನ ಶೋಧಕವುಳ್ಳ ಮುಖವಾಡವೇ ಬೇಕು.

ಹಳೆಯ ಗೊಂಬೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಹೊರಡಿಸಿ ಮರುವರ್ಷ ಜಾರಿಗೆ ತಂದಿತು. ಅಜ್ಜಿಯ ತವರಿನಿಂದ ಬಂದ ಪಟ್ಟದ ಗೊಂಬೆಗೆ ಆ ನಿಯಮ ಗೊತ್ತಿಲ್ಲ. ಅದನ್ನು ಉಪ್ಪುಕಾಗದದಿಂದ ಒಣ ಉಜ್ಜಿದರೆ ಸೀಸದ ಧೂಳು ಮಗುವಿನ ಕೈಗೂ ಬಾಯಿಗೂ ಹೋದೀತು. ಹಳೆಯ ಬಣ್ಣವನ್ನು ಕೆರೆಯದೆ, ಒದ್ದೆ ಬಟ್ಟೆಯಿಂದ ಒರೆಸಿ, ಕುಂಚದಿಂದಲೇ ತೇಪೆ ಹಾಕುವುದು ಒಳ್ಳೆಯದು. ಗೊಂಬೆಯ ಅಂದಕ್ಕೂ ಅದೇ ಮೇಲು.

ಪೆಟ್ಟಿಗೆ ಸಿದ್ಧವಾದೊಡನೆ ಬಣ್ಣದ ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಊದುಬತ್ತಿಯೊಂದನ್ನು ಹಚ್ಚಿ ಪೆಟ್ಟಿಗೆಯ ಬಾಯಿಯ ನಾಲ್ಕು ಮೂಲೆಗಳಲ್ಲಿ ಹಿಡಿಯಿರಿ. ಹೊಗೆ ತಡವರಿಸದೆ ಒಳಕ್ಕೆ ಬಾಗಿದರೆ ಹಾದಿ ಸರಿಯಾಗಿದೆ. ಮುಖದತ್ತ ಮರಳಿದರೆ ಬಣ್ಣವೂ ಮರಳುತ್ತದೆ. ಬಳಿಕ ಊದುಬತ್ತಿಯನ್ನು ನೀರಿಗದ್ದಿ, ದೂರವಿಟ್ಟು, ಕೆಲಸಕ್ಕೆ ತೊಡಗಬೇಕು. ಬಣ್ಣ ಮುಗಿದೊಡನೆ ಫ್ಯಾನು ಆರಿಸಬಾರದು. ಒಣಗುವಾಗಲೂ ಆವಿ ಏಳುತ್ತಲೇ ಇರುತ್ತದೆ.

ಹುಡುಗ ರಟ್ಟನ್ನು ಆರಿಸಿದ್ದು ಅದೃಷ್ಟವೇ. ಥರ್ಮಾಕೋಲ್‌ನಲ್ಲಿ ಕಟ್ಟಿದ್ದರೆ ಡಬ್ಬಿಯ ಬಣ್ಣ ತಗುಲಿದೊಡನೆ ಗುಮ್ಮಟ ಕರಗಿ ಕುಳಿಬೀಳುತ್ತಿತ್ತು. ಈಗ ಅವನ ಗುಂಬಜ್ ಹಿತ್ತಲಿನ ತೆಂಗಿನ ಮರದಡಿ ಹಳೆಯ ಪತ್ರಿಕೆಯ ಮೇಲೆ ಕುಳಿತಿದೆ. ಎರಡು ಸೊಳ್ಳೆ ಅಂಟಿಕೊಂಡಿವೆಯಂತೆ. ಒಣಗಿದ ಮೇಲೆ ಕಿತ್ತರಾಯಿತು.